ಇಲ್ನೋಡ್ರಿ ಅತ್ಯಾ

ಚರ್ಚ್‌ಗೇಟಿನಿಂದ ಬರುವ ಸ್ಲೋ ಲೋಕಲ್ ಅಂಧೇರಿ ದಾಟಿದ ಮೇಲೆ ಮೊಬೈಲ್ ಕಣ್ಣೆದುರಿಗೆ ಹಿಡಿಯುವಷ್ಟು ಜಾಗ ಸಿಗುತ್ತದೆ. ಜೋಗೇಶ್ವರಿ, ರಾಮ್ ಮಂದಿರ್, ಗೋರೆಗಾಂವ್, ಆಮೇಲೆ ನಮ್ಮ ಮಲಾಡ್. ಆ ಸ್ವಲ್ಪ ಹೊತ್ತಿನಲ್ಲಿ ಮೊನ್ನೆ ಒಂದು ಚಿತ್ರ ಕಂಡೆ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ರಾಣಿ ಜೇನ್ ಸೇಮರ್‌ಳದು. 1536ರ ಸುಮಾರಿಗೆ ಹಾನ್ಸ್ ಹೋಲ್ಬೈನ್ ಬರೆದದ್ದು, ಮೂಲ ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿದೆ. ಹೊಲಿಗೆಯ ಹುಚ್ಚಿನವರು ಯಾರೋ ರಾಣಿಯ ಮುಖ ಬಿಟ್ಟು ಅಂಗಿಯ ಮುಂಗೈಪಟ್ಟಿಯನ್ನಷ್ಟೇ ದೊಡ್ಡದು ಮಾಡಿ ತೋರಿಸಿದ್ದರು. ಬಿಳಿ ಬಟ್ಟೆ, ಕಪ್ಪು ದಾರ, ಅಳತೆ ತಪ್ಪದೆ ತಿರುಗುವ ಗೆರೆಗಳು. ಮೈ ಜುಮ್ಮೆಂದಿತು. ಈ ಗೆರೆಗಳನ್ನು ನಾನು ದಿನಾ ನೋಡುತ್ತೇನೆ, ಎವರ್‌ಶೈನ್ ನಗರದ ನಮ್ಮ ಮನೆಯ ಕಿಟಕಿಯ ಪಕ್ಕ, ಅತ್ತೆಯ ತೊಡೆಯ ಮೇಲೆ.

ಅತ್ತೆ ಧಾರವಾಡದವರು, ಕಸೂತಿ ಹಾಕುತ್ತಾರೆ. ಕಸೂತಿಗೆ ಪೆನ್ಸಿಲ್ಲಿನ ಗುರುತು ಬೇಕಿಲ್ಲ, ಬಟ್ಟೆಯ ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ ಎಲ್ಲ ಏಳುತ್ತವೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ನನಗೆ ಗವಂತಿಯದೇ ಬೆರಗು. ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಡುತ್ತ ಹೋಗುತ್ತದೆ. ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂತಿರುಗಿ, ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ದಾರಕ್ಕೆ ಗಂಟು ಹಾಕುವುದಿಲ್ಲ. ಹೀಗಾಗಿ ಬಟ್ಟೆಯನ್ನು ಮಗುಚಿದರೂ ಅದೇ ಆನೆ, ಅದೇ ಗೋಪುರ. ಹೋಲ್ಬೈನ್ ಬರೆದ ಚಿತ್ರಗಳಲ್ಲಿ ಕಾಣುತ್ತದೆಂದು ಯುರೋಪಿನಲ್ಲಿ ಅವನ ಹೆಸರಿನಿಂದಲೇ ಕರೆಯುವ ಹೊಲಿಗೆಯೂ ಇದೇ: ಹೋಗುತ್ತ ಬಿಡುವುದು, ಬರುತ್ತ ತುಂಬುವುದು.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ "ಇಲ್ನೋಡ್ರಿ ಅತ್ಯಾ" ಎಂದೆ. ಅವರು ಕನ್ನಡಕ ಏರಿಸಿದರು. ಮೊಬೈಲನ್ನು ದೂರ ಹಿಡಿದರು, ಹತ್ತಿರ ತಂದರು. ತುಟಿ ಅಲುಗುತ್ತಿತ್ತು. ರಾಣಿಯ ಅಂಗಿಯ ಹೊಲಿಗೆ ಎಣಿಸುತ್ತಿದ್ದರು!

"ಇದು ನಮ್ಮ ಗವಂತಿನಽ ಅದ ಅಲ್ಲೇನವಾ! ಈಕಿಗೆ ಯಾರು ಕಲಿಸಿದ್ರು?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ತಾವೇ ಹೇಳಿದರು, "ಎಳಿ ಎಣಸಲಿಕ್ಕೆ ಬಂದ್ರ ಸೂಜಿಗೆ ದಾರಿ ತಾನಽ ಗೊತ್ತಾಗ್ತದ."

ಲೋಕಲ್ಲಿನಲ್ಲಿ ನಾನು ಕಂಡದ್ದು ಅರ್ಧ ಸಾಲು. ಬಿಟ್ಟುಹೋದ ಜಾಗಗಳನ್ನು ತುಂಬಿದವರು ಅವರು. ಎರಡು ದೇಶಗಳ ಹೊಲಿಗೆ ಒಂದೇ ಎಂಬುದಷ್ಟೇ ನನಗೆ ಹೊಳೆದಿತ್ತು. ಹಾಗಿರಲು ಕಾರಣ ಎರಡೂ ಕಡೆ ಬಟ್ಟೆಯ ಎಳೆಗಳೇ ಗುರು ಎಂಬುದು ಐವತ್ತು ವರ್ಷ ಸೂಜಿ ಹಿಡಿದ ಕೈಗೆ ಹೊಳೆಯಿತು. ಅದನ್ನು ಕೇಳುವಾಗ ನನಗೆ ಲೋಕಲ್ಲಿನಲ್ಲಿ ಆದದ್ದಕ್ಕಿಂತ ದೊಡ್ಡ ಬೆರಗು.

ಮಗನದು ಬೇರೆ ಲೋಕ, ಅವನಿಗೆ ಇಂಟರ್ನೆಟ್ಟಿನ ಕಾಮಿಕ್ಸ್ ಬೇಕು. ಒಂದು ರಾತ್ರಿ ಪಕ್ಕ ಕೂರಿಸಿಕೊಂಡು ರಾಂಡಲ್ ಮನ್ರೋನ ಎಕ್ಸ್‌ಕೆಸಿಡಿ ತೋರಿಸಿದ. ಅದರಲ್ಲಿ 'ಟೈಮ್' ಎಂಬ ಕಂತು. 2013ರ ಮಾರ್ಚ್‌ನಲ್ಲಿ ಅದು ಬಂದಾಗ ಒಂದೇ ಒಂದು ಚಿತ್ರ, ಕಡ್ಡಿಯಂಥ ಇಬ್ಬರು ಸಮುದ್ರದ ದಂಡೆಯಲ್ಲಿ ಕೂತಿದ್ದಾರೆ. ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಆ ಚಿತ್ರ ಒಂದಿಷ್ಟೇ ಬದಲಾಗುತ್ತ ನಾಲ್ಕು ತಿಂಗಳು ನಡೆಯಿತು. ಒಟ್ಟು 3,099 ಚಿತ್ರಗಳು. ಇಬ್ಬರೂ ಮರಳಿನ ಕೋಟೆ ಕಟ್ಟುತ್ತಾರೆ, ನೀರು ಏರುತ್ತದೆ, ಯಾಕೆ ಏರುತ್ತಿದೆ ಎಂದು ಹುಡುಕುತ್ತ ನಡೆಯುತ್ತಾರೆ. ಮರುವರ್ಷ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ನನಗೆ ಪ್ರಶಸ್ತಿಗಿಂತ ಆ ನಾಲ್ಕು ತಿಂಗಳು ಮುಂದಿನ ಚಿತ್ರಕ್ಕಾಗಿ ಒಟ್ಟಿಗೆ ಕಾದು ಕೂತವರು ಮುಖ್ಯ. ಮರುದಿನ ಭಾನುವಾರ ನಾವಿಬ್ಬರೂ ಅಕ್ಸಾ ಬೀಚಿಗೆ ಹೋಗಿ ಕೋಟೆ ಕಟ್ಟಿದೆವು. ಭರತದ ನೀರು ಮೊದಲು ಬುಡ ಕರಗಿಸಿತು. ಬೇಜಾರಾಗಲಿಲ್ಲ.

ಹೀಗೆ ತೋರಿಸುವುದೇ ಬೇರೆ, ಫಾರ್ವರ್ಡ್ ಮಾಡುವುದೇ ಬೇರೆ. ನಲವತ್ತು ಮಂದಿಗೆ ಒಮ್ಮೆಲೇ ಕಳಿಸಿದರೆ ಯಾರ ಮುಖವೂ ಕಾಣಿಸುವುದಿಲ್ಲ. ಇದು ಇವರಿಗೆ ಎಂದು ಒಬ್ಬರ ನೆನಪು ಬರಬೇಕು, ಅವರ ಕಣ್ಣು ಅರಳುವ ತನಕ ಪಕ್ಕದಲ್ಲಿ ಇರಬೇಕು.

ಮಗ ಅಜ್ಜಿಯ ಪಕ್ಕಕ್ಕೆ ಹೋಗುವುದಕ್ಕೂ ಒಂದು ನೆಪವಿದೆ: ನನ್ನ ಮೊಬೈಲಿನಲ್ಲಿ 'ಅಲರ್' ಎಂಬ ಕನ್ನಡ–ಇಂಗ್ಲಿಷ್ ನಿಘಂಟು ಇದೆ. ವಿ. ಕೃಷ್ಣ ಎಂಬವರು ನಾಲ್ಕು ದಶಕ ಒಬ್ಬರೇ ಕೂತು ಒಂದೂವರೆ ಲಕ್ಷ ಪದಗಳನ್ನು ಕೂಡಿಸಿದರು. 2019ರಲ್ಲಿ ಅದು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು. ಮುಂಬಯಿಯಲ್ಲಿ ಹುಟ್ಟಿ ಮರಾಠಿ, ಹಿಂದಿ ನಡುವೆ ಬೆಳೆಯುವ ನನ್ನ ಮಗ ಅಜ್ಜಿಯ ಮಾತಿನ ಒಂದೊಂದು ಪದ ಹಿಡಿದು ಅಲ್ಲಿ ಹುಡುಕುತ್ತಾನೆ. ಕೆಲವು ಸಿಗುತ್ತವೆ. ಸಿಗದಿದ್ದರೆ ಅಜ್ಜಿಯನ್ನೇ ಕೇಳುತ್ತಾನೆ.

ನಿಮ್ಮ ಮನೆಯ ಟ್ರಂಕಿನಲ್ಲಿ ಕಸೂತಿಯ ಇಳಕಲ್ ಸೀರೆ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಸೆರಗನ್ನು ಮಗುಚಿ ಹಿಂಬದಿ ನೋಡಿ. ನೋಡುವಾಗ ಮನೆಯವರಲ್ಲಿ ಒಬ್ಬರನ್ನಾದರೂ ಪಕ್ಕಕ್ಕೆ ಕರೆದುಕೊಳ್ಳಿ.