ವಿಶ್ವಾಸ ಮತ್ತು ಅನ್ನ: ಮಂಗಳೂರಿನ ಹೆಂಚಿನ ಕಾರ್ಖಾನೆಗಳು ಎತ್ತಿದ ಪ್ರಶ್ನೆ

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಊರು ಮಂಗಳೂರು. 19ನೆಯ ಶತಮಾನದ ಈ ಚಿಕ್ಕ ಬಂದರು ಪಟ್ಟಣಕ್ಕೆ ಕಾರ್ಖಾನೆಗಳು ಬಂದದ್ದರ ಹಿಂದೆ ಒಂದು ಧಾರ್ಮಿಕ ಇಕ್ಕಟ್ಟಿದೆ. 1834ರಲ್ಲಿ ಇಲ್ಲಿ ನೆಲೆಯೂರಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕ್ರೈಸ್ತ ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಮತಾಂತರವಾದೊಡನೆ ಅನೇಕರಿಗೆ ಜಾತಿಯ ಆಸರೆ, ಕೆಲವರಿಗೆ ಮನೆ ಮತ್ತು ಗೇಣಿಯ ನೆಲವೂ ತಪ್ಪಿದವು. ಕಳ್ಳು ಇಳಿಸುವ ಅವರ ಮೂರ್ತೆ ಕಸುಬನ್ನು ಮಿಷನ್ನೇ ಒಪ್ಪಲಿಲ್ಲ. ಅವರ ಹೊಟ್ಟೆಪಾಡಿನ ಹೊಣೆ ಕರೆದವರ ಮೇಲೆಯೇ ಬಿತ್ತು.

ಮಿಷನ್ 1841ರಲ್ಲಿ ಮುದ್ರಣಾಲಯವನ್ನು, ಅನಂತರ ನೇಯ್ಗೆ ಶಾಲೆಯನ್ನು ತೆರೆಯಿತು. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಜೇಡಿಮಣ್ಣೂ ಸೌದೆಯೂ ದೋಣಿಗಳಲ್ಲಿ ಬರುತ್ತಿದ್ದವು. ಸುಟ್ಟ ಹೆಂಚು ಬಂದರಿನಿಂದ ದೂರದ ಊರುಗಳಿಗೆ ಹೋಗುತ್ತಿತ್ತು. ಹುಟ್ಟಿನಿಂದ ಬಾರದ ಕಸುಬೊಂದನ್ನು ಕಲಿತು ಕೂಲಿ ಪಡೆಯುವ ದಾರಿ ಹೀಗೆ ತೆರೆಯಿತು.

ಆದರೆ ಬೋಧಿಸುವವರೂ ಕೂಲಿ ಕೊಡುವವರೂ ಒಂದೇ ಕಡೆಯವರಾದಾಗ ನಂಬಿಕೆ ಸ್ವತಂತ್ರವಾಗಿ ಉಳಿದೀತೆ? ಭಕ್ತಿಯಲ್ಲಿ ಕೆಲಸದ ಭಯ ಬೆರೆಯಬಹುದು. ಕಾರ್ಮಿಕನ ನ್ಯಾಯವಾದ ಬೇಡಿಕೆಯೂ ಅವಿಧೇಯತೆಯಂತೆ ಕಾಣಬಹುದು. ಹೆಂಚಿನ ಕಾರ್ಖಾನೆಗೂ ಮೊದಲೇ, 1859ರಲ್ಲಿ, ಮಿಷನ್ನಿನ ವ್ಯಾಪಾರಕ್ಕೆ ಪ್ರತ್ಯೇಕ ಕಂಪನಿ ಸ್ಥಾಪನೆಯಾಯಿತು. ಲೆಕ್ಕಪುಸ್ತಕ ಬೇರೆಯಾದರೂ ಅವಲಂಬನೆ ಅಳಿಯಲಿಲ್ಲ.

12ನೆಯ ಶತಮಾನದ ಶರಣರು ಇದೇ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ನೋಡಿದ್ದರು. ಅವರಿಗೆ ಕಾಯಕವೇ ಪೂಜೆ. ಅದು ಯಾರ ಕೃಪೆಯೂ ಅಲ್ಲ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಹೇಳಿದಳೆಂಬ ಕಥೆಯಲ್ಲಿ, ದುಡಿಮೆಯ ನೀತಿಯನ್ನು ತೀರ್ಮಾನಿಸುವವರು ದುಡಿಯುವವರೇ. ಜೆಪ್ಪುವಿನಲ್ಲಿ ಆ ಅಧಿಕಾರ ಆಡಳಿತದ ಕೈಯಲ್ಲಿತ್ತು. ಆದರೆ ಶರಣರಲ್ಲಿ ಅನೇಕರಿಗೆ ಕೈಯಲ್ಲಿ ಕಸುಬಿತ್ತು, ಅದಕ್ಕೆ ಗೌರವ ಬೇಕಿತ್ತು; ಇಲ್ಲಿಯವರಿಗೆ ಕಸುಬೇ ಹೊಸದಾಗಿ ಬೇಕಿತ್ತು.

ಆದ್ದರಿಂದ ಅನ್ನ ಕೊಟ್ಟದ್ದು ಧರ್ಮಕ್ಕೆ ಕಳಂಕವಲ್ಲ. ಒಬ್ಬನ ಹಳೆಯ ಬದುಕು ಮುರಿಯಲು ಕಾರಣವಾಗಿ, ಹೊಸದನ್ನು ಕಟ್ಟಿಕೊಡದೆ ಕೈಬಿಡುವುದೇ ಅಧರ್ಮ. ಅನ್ನಕ್ಕೆ ನಂಬಿಕೆಯನ್ನು ಷರತ್ತಾಗಿಸುವುದೂ ಅಷ್ಟೇ ತಪ್ಪು. ಮೊದಲ ಮಹಾಯುದ್ಧದ ಪರಿಣಾಮವಾಗಿ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಸೇರಿದವು. ಸಭೆಗಳು ಮಾತ್ರ ಚದುರಲಿಲ್ಲ. 1947ರಲ್ಲಿ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಭಾಗವಾದವು. ಸಭೆಯವರ ವಿಶ್ವಾಸ ಕೂಲಿಗಾಗಿ ಮಾತ್ರ ಇದ್ದದ್ದೆಂಬ ವಾದ ಇದರ ಮುಂದೆ ನಿಲ್ಲದು.