ಮರದೊಳಗಣ ಕಿಚ್ಚು



ಮರದಲ್ಲಿ ಅಡಗಿರುವ ಅಗ್ನಿಯ ದೃಷ್ಟಾಂತವು ವಚನಗಳ ಪರಿಚಯವುಳ್ಳವರಿಗೆಲ್ಲ ತಿಳಿದುದೇ ಆಗಿದೆ. ಆದರೆ ಆ ಅಗ್ನಿಯನ್ನು ಹೊರದೆಗೆಯುವ ಕಷ್ಟವನ್ನು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಬೆಂಕಿಪೆಟ್ಟಿಗೆಯು ಕೈಗೆ ಬಂದಂದಿನಿಂದ ನಾವು ಅದನ್ನು ಮರೆತಿದ್ದೇವೆ.

ಕಳೆದ ಬೇಸಿಗೆಯಲ್ಲಿ ಭಕ್ತರೊಬ್ಬರ ಮಗನು ಮಠದ ಅಂಗಳದಲ್ಲಿ ಕುಳಿತು, ಬಿಲ್ಲಿನಿಂದ ಕಡೆದು ಬೆಂಕಿ ಮಾಡಲು ತೊಡಗಿದನು. ಬಾಗಿದ ಕೋಲಿಗೆ ಹುರಿ ಕಟ್ಟಿ, ಆ ಹುರಿಯನ್ನು ನೆಟ್ಟನೆಯ ಕಡೆಗೋಲಿಗೆ ಒಂದು ಸುತ್ತು ಸುತ್ತಿ, ಅದರ ಕೆಳತುದಿಯನ್ನು ಒಣಹಲಗೆಯ ಕುಳಿಯಲ್ಲಿ ನಿಲ್ಲಿಸಿ, ಮೇಲ್ತುದಿಯನ್ನು ಗುಳಿಬಿದ್ದ ಕಲ್ಲಿನಿಂದ ಒತ್ತಿ ಹಿಡಿದು, ಬಿಲ್ಲನ್ನು ಗರಗಸದಂತೆ ಹಿಂದಕ್ಕೂ ಮುಂದಕ್ಕೂ ಎಳೆಯುವುದು. ಇದೇ ಅದರ ಕ್ರಮ. ಯಜ್ಞಶಾಲೆಗಳಲ್ಲಿ ಹಗ್ಗದಿಂದ ಅರಣಿಯನ್ನು ಕಡೆಯುವುದೂ ಇದರ ದಾಯಾದಿಯೇ. 1922ರಲ್ಲಿ ಈಜಿಪ್ಟಿನಲ್ಲಿ ಬೆಳಕಿಗೆ ಬಂದ ತುತಾಂಖಾಮುನ್ ದೊರೆಯ ಸಮಾಧಿಯಲ್ಲಿಯೂ ಇಂತಹ ಸಲಕರಣೆ ದೊರೆಯಿತು. ಸತ್ತ ದೊರೆಗೂ ಕಡೆಯುವ ಕೆಲಸ ತಪ್ಪದೆಂದು ಆ ಜನರು ಎಣಿಸಿದ್ದಿರಬೇಕು!

ಮೊದಲ ದಿನವೇ ಹೊಗೆ ಬಂದಿತು. ನೆರೆದವರು "ಬಂತು, ಬಂತು" ಎಂದು ಕೂಗಿದರು. ಹುಡುಗನು ಹಿಗ್ಗಿ ಬಿಲ್ಲನ್ನು ಬಿಟ್ಟನು. ಹಲಗೆ ತಣ್ಣಗಾಯಿತು. ಮರುದಿನವೂ ಹೀಗೆಯೇ. "ಒಂದು ಕಡ್ಡಿ ಗೀರಿದರೆ ಆಗುವುದಕ್ಕೆ ಇಷ್ಟೇಕಪ್ಪಾ?" ಎಂದು ತಂದೆಯು ನಕ್ಕನು. ಹುಡುಗನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದುವು.

ನಾಲ್ಕನೆಯ ದಿನ ಅವನಿಗೆ ತನ್ನ ತಪ್ಪು ತಿಳಿಯಿತು. ಕುಳಿಯ ಅಂಚಿನಿಂದ ಹಲಗೆಯ ಬದಿಗೆ ಒಂದು ಸೀಳನ್ನು ಕೊರೆಯಬೇಕಾಗಿದ್ದಿತು, ಕೊರೆದಿರಲಿಲ್ಲ. ಉದುರಿದ ಪುಡಿಯೆಲ್ಲ ಚೆದರಿಹೋಗುತ್ತಿತ್ತು. ಕೆಂಡವು ಹುಟ್ಟುವುದು ಕೋಲಿನಲ್ಲಿ ಅಲ್ಲ, ಸೀಳಿನಲ್ಲಿ ಒಟ್ಟುಗೂಡಿದ ಆ ಕಪ್ಪು ಪುಡಿಯಲ್ಲಿ. ಕಾವು ಅಲ್ಲಿ ನಿಲ್ಲಬೇಕು. ಗಾಳಿಯೂ ಅಲ್ಲಿಗೆ ತಾಕಬೇಕು.

ಪೂಜೆಯಲ್ಲಿ ಮನಸ್ಸು ನಿಲ್ಲದೆಂದು ಕೊರಗುವ ಗೃಹಸ್ಥರು ಅಂದು ನಮ್ಮ ನೆನಪಿಗೆ ಬಂದರು. ಅವರ ದುಡಿಮೆಯಲ್ಲಿ ಕೊರತೆಯಿಲ್ಲ. ಬೆಳಗ್ಗೆ ಲಿಂಗಪೂಜೆ, ಸಂಜೆ ವಚನಪಠಣ. ಆದರೆ ಅದರ ಕಾವು ಮನೆಯ ಮುನಿಸಿನಲ್ಲಿ, ಅಂಗಡಿಯ ಲೆಕ್ಕದಲ್ಲಿ ಚೆದರಿಹೋಗುವುದು. ಇಲ್ಲವೇ ಒಂದು ದಿನ ಕಣ್ಣು ತೇವಗೊಂಡರೆ ಅದನ್ನೇ ಅನುಭಾವವೆಂದು ಬಗೆದು ಬಿಲ್ಲನ್ನು ಕೆಳಗಿಡುವರು. ಹೊಗೆಯು ಸುಳ್ಳಲ್ಲ; ಆದರೆ ಹೊಗೆಯಲ್ಲಿ ಅಂಬಲಿ ಕಾಯದು.

ಮರದೊಳಗೆ ಬೆಂಕಿಯು ಬೆಂಕಿಯಾಗಿಯೇ ಕುಳಿತಿಲ್ಲ, ಅಲ್ಲಿರುವುದು ಉರಿಯಬಲ್ಲ ಗುಣ ಮಾತ್ರ, ಕಾವು ಕಡೆಯುವವನ ತೋಳಿನಿಂದ ಬರುವುದು, ಎಂದು ವಿಜ್ಞಾನವನ್ನು ಓದಿದವರು ಹೇಳುವರು. ಇದು ದೃಷ್ಟಾಂತಕ್ಕೆ ಕುಂದೆಂದು ನಾವು ತಿಳಿಯೆವು. ಕಾಯಕದ ಮಾತನ್ನು ಇದು ಗಟ್ಟಿಗೊಳಿಸುವುದು.

ಸೀಳು ಕೊರೆದ ಮೇಲೆ ಹುಡುಗನು ಬಿಲ್ಲನ್ನು ನಿಲ್ಲಿಸಿದರೂ ಪುಡಿಯ ಗುಪ್ಪೆಯು ತಾನಾಗಿಯೇ ಹೊಗೆಯುತ್ತಿದ್ದಿತು. ಅದನ್ನು ತೆಂಗಿನ ನಾರಿನ ಗೂಡಿಗೆ ಇಳಿಸಿದನು. ತಂದೆಯು ಮುಂದೆ ಬಂದು ಜೋರಾಗಿ ಊದಹೋದಾಗ, "ಮೆಲ್ಲಗೆ ಅಪ್ಪಾ, ಚೆದರಿಬಿಡುತ್ತದೆ" ಎಂದು ತಡೆದನು. ಇಬ್ಬರೂ ಮೊಣಕಾಲೂರಿ ಒಬ್ಬರಾದ ಮೇಲೊಬ್ಬರು ಊದಿದರು. ನಾರು ಉರಿ ಹಿಡಿದಾಗ ಗದ್ದುಗೆಗೆ ದೀಪ ಹಚ್ಚುವ ಹೊತ್ತಾಗಿದ್ದಿತು.