ನುಂಗಲಾ, ಬಿಡಲಾ?

ತನಗೇ ಖಚಿತವಿಲ್ಲದ್ದನ್ನು ಖಚಿತವೆಂಬಂತೆ ಹೇಳಿ ಒಬ್ಬರಿಗೆ ಸಮಾಧಾನ ಕೊಡಬಹುದೆ? ಮೀನೆಣ್ಣೆಯ ಗುಳಿಗೆಯಂಥ ಸಣ್ಣ ವಿಷಯ ನನ್ನನ್ನು ಈ ಪ್ರಶ್ನೆಗೆ ತಂದು ನಿಲ್ಲಿಸಿದೆ.

ಮೀನಿನ ಒಮೆಗಾ-3 ಕೊಬ್ಬಿನಾಮ್ಲ ಹೃದಯಕ್ಕೆ ಒಳ್ಳೆಯದು ಎಂಬ ಮಾತಿಗೆ ಆಧಾರವಿಲ್ಲದಿಲ್ಲ. ವೇಲ್ಸ್‌ನಲ್ಲಿ ಮೈಕೆಲ್ ಬರ್ ಮತ್ತು ಸಂಗಡಿಗರು ಹೃದಯಾಘಾತದಿಂದ ಚೇತರಿಸಿಕೊಂಡ 2,033 ಗಂಡಸರನ್ನು ಗಮನಿಸಿ, 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಬ್ಬಿರುವ ಮೀನು ತಿನ್ನಿರೆಂದು ಸಲಹೆ ಪಡೆದವರಲ್ಲಿ ಎರಡು ವರ್ಷಗಳ ಸಾವು ಶೇ. 29ರಷ್ಟು ಕಡಿಮೆ. 2003ರಲ್ಲಿ ಅದೇ ಬರ್, ಆಂಜೈನಾ ಇದ್ದ 3,114 ಗಂಡಸರ ಲೆಕ್ಕ ಕೊಟ್ಟರು. ಈ ಸಲ ಮೀನಿನ ಸಲಹೆ ಪಡೆದವರಲ್ಲೇ ಹಠಾತ್ ಹೃದಯಮರಣ ಹೆಚ್ಚು, ಅದರಲ್ಲೂ ಗುಳಿಗೆ ನುಂಗಿದವರಲ್ಲಿ. ತನ್ನ ಹಳೆಯ ಮಾತಿಗೇ ಎದುರಾದ ಅಂಕಿಗಳನ್ನು ಅವರು ಬಚ್ಚಿಡಲಿಲ್ಲ. "ಈ ವಿಜ್ಞಾನಿಗಳದ್ದು ದಿನಕ್ಕೊಂದು ಮಾತು" ಎಂದು ರೈಲಿನಲ್ಲಿ ಗೊಣಗುವ ಗೆಳೆಯರಿಗೆ ನಾನು ಹೇಳುವುದು ಇದನ್ನೇ.

2018ರ 'ರೆಡ್ಯೂಸ್-ಇಟ್' ಅಧ್ಯಯನ ಇನ್ನೂ ಇಕ್ಕಟ್ಟಿನದು. ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಇಪಿಎ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂಥವು ಕಾಲುಭಾಗ ಕಡಿಮೆಯಾದವು. ಆದರೆ ಹೃದಯದ ಮೇಲಿನ ಕೋಣೆಗಳ ಲಯ ತಪ್ಪಿ ಆಸ್ಪತ್ರೆ ಸೇರಿದವರು ಶೇ. 2.1ರ ಬದಲು 3.1. ಒಂದೇ ಗುಳಿಗೆ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿಯಿತು. ಎಂಟು ಸಾವಿರ ಜನರ ಸರಾಸರಿಯಲ್ಲಿ ಇದು ಲಾಭವೇ ಸರಿ.

ಡೊಂಬಿವಲಿಯ ನನ್ನ ಚಿಕ್ಕಮ್ಮ ಸರಾಸರಿಯಲ್ಲ. ಅವರಿಗೆ ಇದೇ ಲಯ ತಪ್ಪುವ ತೊಂದರೆಯಿದೆ. ದುಬೈಯಲ್ಲಿರುವ ಮಗ ಪ್ರೀತಿಯಿಂದ ಕಳಿಸಿದ ಮೀನೆಣ್ಣೆಯ ಡಬ್ಬಿಯೂ ಇದೆ. "ನುಂಗಲಾ, ಬಿಡಲಾ? ಒಂದೇ ಮಾತು ಹೇಳು ಮಗಾ" ಎನ್ನುತ್ತಾರೆ. ಒಂದೇ ಮಾತು ಹೇಳಿದರೆ ಅದು ನನ್ನ ಅಧಿಕಪ್ರಸಂಗ. ಎರಡೂ ಕಡೆಯದನ್ನು ಹೇಳಿ "ನಿಮ್ಮಿಷ್ಟ" ಎಂದು ಎದ್ದುಬಂದರೆ ಅದು ಇನ್ನೂ ಕೆಟ್ಟದ್ದು ಎನ್ನಿಸುತ್ತದೆ. ಗೊಂದಲವನ್ನು ಅವರ ಮಡಿಲಿಗೆ ಹಾಕಿ ಕೈ ತೊಳೆದುಕೊಂಡಂತೆ. ಗೊತ್ತಿರುವಷ್ಟನ್ನು ಹೇಳಿ, ತೀರ್ಮಾನವಾಗುವ ತನಕ ಜೊತೆಗಿರುವುದು ನನ್ನ ಪಾಲಿನ ಕೆಲಸ.

2004ರ ಅಮೆರಿಕದ ಅಧ್ಯಯನವೊಂದರ ಸುದ್ದಿಯನ್ನೂ ತಿಳಿಸಿದೆ. 65 ದಾಟಿದವರಲ್ಲಿ ಸುಟ್ಟ, ಬೇಯಿಸಿದ ಮೀನು ತಿನ್ನುವವರಿಗೆ ಈ ತೊಂದರೆ ಕಡಿಮೆ ಕಂಡಿತ್ತು, ಕರಿದ ಮೀನು ತಿನ್ನುವವರಿಗೆ ಹಾಗಿರಲಿಲ್ಲ. (ರವಾ ಫ್ರೈ ಪ್ರಿಯರು ಕೇಳಿಸಲಿಲ್ಲವೆಂದುಕೊಳ್ಳಬಹುದು.) ಅದು ಮೀನಿನ ಗುಣವೋ, ಅಂಥವರ ಬದುಕಿನ ರೀತಿಯೋ ಎಂಬುದನ್ನು ಆ ಲೆಕ್ಕ ಬಿಡಿಸಲಾರದು ಎಂದೂ ಹೇಳಿದೆ.

ಮುಂದಿನ ಸಲ ಡಾಕ್ಟರ ಬಳಿ ಆ ಡಬ್ಬಿಯನ್ನೂ ಒಯ್ಯುವುದೆಂದು ಇಬ್ಬರೂ ನಿರ್ಧರಿಸಿದ್ದೇವೆ. ಬಂಗುಡೆ ಪುಳಿಮುಂಚಿಗೆ ಮಾತ್ರ ಯಾರನ್ನೂ ಕೇಳಬೇಕಿಲ್ಲ ಎಂಬುದು ಚಿಕ್ಕಮ್ಮನ ವಾದ.